ಹೆಪ್ಪು ಉಳಿಸಿದ ಕೈ

ಹತ್ತು ಸಾವಿರ ಲೀಟರಿನ ಟ್ಯಾಂಕಿಗೆ ಮೂಗು ಹಚ್ಚಿ, ಒಂದೇ ಸಲ ಉಸಿರೆಳೆದುಕೊಂಡು, ಒಳಗೆ ಎಷ್ಟು ಯೀಸ್ಟ್ ಕೋಶಗಳಿವೆ ಎಂದು ಎಣಿಸಿ ಹೇಳಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ನಲವತ್ತೆರಡು ಕೋಟಿ ಕೋಟಿ, ಮೇಲೆ ಏಳು ಎಂದೆ. ಯಂತ್ರ ಮೇಲೆ ಆರು ಎಂದಿತು. ಯಂತ್ರದ ತಪ್ಪೇನಲ್ಲ. ನಾನು ಹೇಳಿದ್ದಕ್ಕೂ ಅದು ಎಣಿಸಿದ್ದಕ್ಕೂ ನಡುವೆ ಒಂದು ಕೋಶ ತೀರಿಕೊಂಡಿತ್ತು.

ನಂಬದಿದ್ದರೆ ಎರೆಗುಂದಕ್ಕೆ ಬನ್ನಿ. ಬಸ್ ನಿಲ್ದಾಣದಲ್ಲಿ ಇಳಿದು ಶಿವಪುತ್ರಪ್ಪ ಗಾಣಿಗೇರನ ಮನೆ ಎಲ್ಲಿ ಎಂದು ಕೇಳಿ. ಮಲಗಿದ ನಾಯಿಗಳೂ ಎದ್ದು ದಾರಿ ತೋರಿಸುತ್ತವೆ.

ನನ್ನ ಕೆಲಸ ಹುದುಗುಮನೆಯ ಟ್ಯಾಂಕು ನೋಡಿಕೊಳ್ಳುವುದು. ತಾಲ್ಲೂಕಿಗೊಂದು ಹಾಲಿನ ಡೇರಿ ಇದ್ದಂತೆ ಈಗ ತಾಲ್ಲೂಕಿಗೊಂದು ಹುದುಗುಮನೆ. ಊರಿನವರಿಗೆ ಬೇಕಾದ ಔಷಧವನ್ನು ಊರಿನಲ್ಲೇ ಯೀಸ್ಟಿನಿಂದ ಮಾಡಿಸಿಕೊಳ್ಳುವ ವ್ಯವಸ್ಥೆ. ಬ್ರೆಡ್ಡು ಉಬ್ಬಿಸುತ್ತಿದ್ದ ಬಡಪಾಯಿ ಜೀವಿಯ ಹೊಟ್ಟೆಯೊಳಗೆ ಮನುಷ್ಯನದೊಂದು ಜೀನ್ ಸೇರಿಸಿದರೆ ಸಾಕು, ಬೆಲ್ಲದ ನೀರು ಕುಡಿದುಕೊಂಡು ಮನುಷ್ಯನ ಪ್ರೋಟೀನನ್ನು ಹೆಣೆದು ಹೊರಗೆ ಚೆಲ್ಲುತ್ತದೆ. ಅದನ್ನು ಸೋಸಿ, ಶುದ್ಧ ಮಾಡಿ, ಬಾಟಲಿಗೆ ತುಂಬಿದರೆ ಔಷಧ. ಹದಿನೈದು ದಿನಕ್ಕೊಮ್ಮೆ ಜಿಲ್ಲೆಯ ತಳಿ ಭಂಡಾರದಿಂದ ಹೆಬ್ಬೆರಳಿನಷ್ಟು ದೊಡ್ಡ ಕುಪ್ಪಿಯೊಂದು ಮಂಜಿನ ಪೆಟ್ಟಿಗೆಯಲ್ಲಿ ಕೂತು ಬರುತ್ತದೆ. ಅದರೊಳಗಿನ ಯೀಸ್ಟನ್ನು ಬೆಳೆಸಿ ಟ್ಯಾಂಕು ತುಂಬಿಸಬೇಕು, ನಾಲ್ಕು ದಿನ ಕಾಯಬೇಕು, ಔಷಧದ ರಸ ಇಳಿಸಿಕೊಳ್ಳಬೇಕು, ಉಳಿದದ್ದನ್ನೆಲ್ಲ ಉಗಿಯಲ್ಲಿ ಬೇಯಿಸಿ ಕೊಲ್ಲಬೇಕು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿದೆ: ಪ್ರತಿ ಸಲವೂ ಹೊಸ ಕುಪ್ಪಿ. ಆ ಅಕ್ಷರಗಳಿಗೆ ಬಣ್ಣ ತುಂಬಿದವನೂ ನಾನೇ.

ಇನ್ನು ಮನೆಯ ವಿಷಯ. ನನ್ನ ಹೆಂಡತಿ ನೀಲವ್ವನ ಮೈಯಲ್ಲಿ ಒಂದು ಕಿಣ್ವ ಹುಟ್ಟುವುದಿಲ್ಲ. ಅದಿಲ್ಲದಿದ್ದರೆ ಸ್ನಾಯುಗಳೊಳಗೆ ಕಸ ತುಂಬಿಕೊಳ್ಳುತ್ತ ಹೋಗುತ್ತದೆ. ಮೊದಲು ಮೆಟ್ಟಿಲು ಹತ್ತಲಾಗುವುದಿಲ್ಲ. ಆಮೇಲೆ ತಲೆ ಬಾಚಿಕೊಳ್ಳಲು ಕೈ ಏಳುವುದಿಲ್ಲ. ಕೊನೆಯಲ್ಲಿ ಉಸಿರು. ಹದಿನೈದು ದಿನಕ್ಕೊಮ್ಮೆ ಆ ಕಿಣ್ವವನ್ನು ಸಲೈನ್ ಬಾಟಲಿಯಲ್ಲಿ ಏರಿಸಿದರೆ ಬದುಕು ನಡೆಯುತ್ತದೆ. ದವಾಖಾನೆಯಲ್ಲಿ ಸ್ನಾಯುವಿನ ಬಲ ಅಳೆಯುವ ಯಂತ್ರವಿದೆ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಇದೆ. ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತ ನಾನು ಒಳಗಿನ ಸದ್ದಿಗೆ ಕಿವಿ ಕೊಡುತ್ತೇನೆ. ಅವಳ ಅಂಗೈ ಎಷ್ಟು ರೊಟ್ಟಿ ಬಡಿಯಿತೋ ಅವಳಲ್ಲಿ ಅಷ್ಟು ಬಲ ಎಂದು ಲೆಕ್ಕ. ಉಳಿದ ರೊಟ್ಟಿಯನ್ನು ಪಕ್ಕದ ಮನೆಯವರು ಕೊಡುತ್ತಿದ್ದರು, ಅದನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಈ ಕಾಯಿಲೆಯವರು ಮೂವರು. ನೀಲವ್ವ, ಕನ್ನಡ ಶಾಲೆಯ ಮಲ್ಲನಗೌಡ ಮಾಸ್ತರು, ಬಳೆ ಅಂಗಡಿಯ ಹುಸೇನಬಿ. ಆದರೆ ನಮ್ಮ ಟ್ಯಾಂಕು ಕೊಡುತ್ತಿದ್ದುದು ಇಬ್ಬರಿಗೆ ಸಾಲುವಷ್ಟು ಮಾತ್ರ. ಹಾಗಾಗಿ ಪಾಳಿ. ಪ್ರತಿ ಸಲ ಒಬ್ಬರು ಔಷಧವಿಲ್ಲದೆ ಕೂರಬೇಕು. ನೀಲವ್ವನ ಪಾಳಿ ತಪ್ಪಿದ ವಾರಗಳಲ್ಲಿ ಒಳಗಿನ ಸದ್ದು ಎರಡು ರೊಟ್ಟಿಗೇ ನಿಲ್ಲುತ್ತಿತ್ತು.

ಇಳುವರಿ ಯಾಕೆ ಕಡಿಮೆ ಎಂದು ನೋಡಲು ಜಿಲ್ಲೆಯಿಂದ ಜುಬೇದಾ ನದಾಫ್ ಮೇಡಂ ಬಂದರು. ಯೀಸ್ಟಿನ ತಳಿ ಕಟ್ಟುವ ವಿಜ್ಞಾನಿ. ಕಂಟ್ರೋಲ್ ರೂಮಿನಲ್ಲಿ ಮೂರು ದಿನ ಪರದೆ ನೋಡುತ್ತ, ನಾನು ಮಾಡಿಕೊಟ್ಟ ಚಹಾ ಕುಡಿಯುತ್ತ ಕೂತರು. ನಾಲ್ಕನೇ ದಿನ ನಾನು ಕೇಳಿದೆ.

"ಮೇಡಮ್ಮಾರ, ಇವು ಪ್ರೋಟೀನು ಮಾಡೂದೇ ಇಲ್ಲೇನ್ರಿ?"

"ಮಾಡತಾವ್ರಿ ಗಾಣಿಗೇರ ಅವರ. ಹೊರಗ ಬಿಡವಲ್ಲವು. ನೂರರಾಗ ತೊಂಬತ್ತು ಒಳಗ ಕೊಳೀತಾವು."

ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಯೀಸ್ಟಿನ ಕೋಶವೆಂದರೆ ಹಲವು ಕೋಣೆಗಳ ಒಂದು ವಾಡೆ. ಒಳಗೆ ಪ್ರೋಟೀನು ಉದ್ದನೆಯ ದಾರವಾಗಿ ಹುಟ್ಟುತ್ತದೆ. ಮಡಿಕೆ ಹಾಕುವ ಕೋಣೆಯಲ್ಲಿ ಅದು ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು. ಆ ಕೋಣೆಯಲ್ಲಿ ದಾರಕ್ಕೆ ಅಲ್ಲಲ್ಲಿ ಸಕ್ಕರೆಯ ಸಣ್ಣ ಟಿಸಿಲೊಂದನ್ನು ಅಂಟಿಸುತ್ತಾರೆ. ಬಾಗಿಲಲ್ಲಿ ನಿಂತ ಕಾವಲುಗಾರ ಆ ಟಿಸಿಲು ಹಿಡಿದು ಪರೀಕ್ಷೆ ಮಾಡುತ್ತಾನೆ. ಮಡಿಕೆ ಸರಿಯಿದ್ದರೆ ಹೊರಗೆ, ಇಲ್ಲದಿದ್ದರೆ ಮತ್ತೆ ಒಳಗೆ, ತೀರ ಕೆಟ್ಟಿದ್ದರೆ ಚಿಂದಿ ಮಾಡುವ ಗಿರಣಿಗೆ. ಮನುಷ್ಯನ ಈ ಕಿಣ್ವಕ್ಕೆ ಯೀಸ್ಟಿನ ವಾಡೆಯಲ್ಲಿ ಹಿಡಿಯಲು ಸಿಗುವಂಥ ಟಿಸಿಲೇ ಕಡಿಮೆ. ಹಾಗಾಗಿ ಕಾವಲುಗಾರ ಬಾಗಿಲು ತೆಗೆಯುವುದಿಲ್ಲ, ಪ್ರೋಟೀನು ಮುದ್ದೆಯಾಗಿ ಬಿದ್ದಿರುತ್ತದೆ.

"ಸಕ್ಕರಿ ಇದ್ರ ಬಾಗಲಾ ತೆಗೀತಾನಂದ್ರ, ಇನ್ನೊಂದೆರಡು ಸಕ್ಕರಿ ಹಚ್ಚಿಬಿಡ್ರಲ್ಲ," ಎಂದೆ.

ಮೇಡಂ ನಕ್ಕರು. "ಅದನ್ನ ಮಾಡಾಕ ಬಂದೀನ್ರಿ. ಇನ್ನೆರಡು ಕಡೆ ಸಕ್ಕರಿ ಹತ್ತೂ ಹಂಗ ಜೀನ್ ತಿದ್ದೀನಿ. ಆದ್ರ ಅದರಾಗೊಂದು ತ್ರಾಸ ಐತಿ."

ತ್ರಾಸ ಏನೆಂದರೆ, ಯೀಸ್ಟಿಗೆ ಸಕ್ಕರೆ ಹಚ್ಚುವುದು ಒಂದು ಚಟ. ಮಡಿಕೆಯ ಕೋಣೆ ದಾಟಿ ಹೊರಗಿನ ಪಡಸಾಲೆಗೆ ಬಂದ ಪ್ರೋಟೀನಿಗೆ ಅದು ಸಕ್ಕರೆಯ ಮೇಲೆ ಸಕ್ಕರೆ ಪೋಣಿಸುತ್ತ ಹೋಗುತ್ತದೆ. ಸನ್ಮಾನಕ್ಕೆ ಕರೆದವನಿಗೆ ಹಾರದ ಮೇಲೆ ಹಾರ ಹಾಕಿ ಮುಖವೇ ಕಾಣದಂತೆ ಮಾಡುತ್ತಾರಲ್ಲ, ಹಾಗೆ. ಅಂಥ ಪ್ರೋಟೀನು ರಕ್ತಕ್ಕೆ ಇಳಿದರೆ ಯಕೃತ್ತು ಅದನ್ನು ಹಿಡಿದು ನುಂಗಿಬಿಡುತ್ತದೆ. ಮೈಯ ಸಿಪಾಯಿಗಳು ಪರಕೀಯನೆಂದು ಬಡಿಯಲು ಕಲಿಯುತ್ತಾರೆ. ಅದಕ್ಕೇ ಮೇಡಂ ಯೀಸ್ಟಿನೊಳಗೆ ಒಂದು ಕತ್ತರಿಯನ್ನೂ ಇಟ್ಟಿದ್ದರು. ಉದ್ದವಾದ ಸಕ್ಕರೆಯನ್ನು ಕತ್ತರಿಸಿ ಚಿಕ್ಕದು ಮಾಡುವ ಇನ್ನೊಂದು ಕಿಣ್ವ.

"ಆ ಕತ್ರಿ ಹೊತ್ಕೊಂಡು ತಿರಗೂದು ಯೀಸ್ಟಿಗೆ ಭಾರ," ಎಂದರು ಮೇಡಂ. "ಬಿಟ್ರ ಒಗದು ಹಗರ ಆಗತಾವು. ಹಗರಾದವು ಬಡಬಡ ಬೆಳೀತಾವು, ಕತ್ರಿ ಇದ್ದವು ಹಿಂದ ಬೀಳತಾವು. ಅದಕ್ಕ ಪ್ರತಿ ಸಲ ಹೊಸಾ ಕುಪ್ಪಿ. ತಿಳೀತ?"

"ಗ್ವಾಡಿ ಮ್ಯಾಲೆ ಬರದಾವನ ನಾನ ಅದೀನಿ ಬಿಡ್ರಿ," ಎಂದೆ.

ಅವತ್ತು ಸಂಜೆ ನೀಲವ್ವನಿಗೆ ಇದನ್ನೆಲ್ಲ ನನ್ನದೇ ಸಂಶೋಧನೆ ಎಂಬಂತೆ ಒಪ್ಪಿಸಿದೆ. ಸಕ್ಕರೆ ಹಚ್ಚುವ ಉಪಾಯ ನನಗೇ ಹೊಳೆದದ್ದು, ಮೇಡಂ ಕೇಳಿ ಎದ್ದು ನಿಂತು ಕೈ ಮುಗಿದರು ಎಂದೆ.

"ಎರಡೂ ಕೈಲೆ ಮುಗದರೋ, ಒಂದ ಕೈಲೆ?" ಎಂದಳು ನೀಲವ್ವ.

"ಎರಡೂ ಕೈಲೆ."

"ಹಂಗಾರ ಚಾದ ಕಪ್ಪ ಎಲ್ಲಿಟ್ಟಿದ್ರು ಪಾಪ."

ಹೊಸ ತಳಿಯ ಮೊದಲ ಟ್ಯಾಂಕು ಇಳಿಸಿದ ದಿನ ಮೂವರಿಗೂ ಸಾಲುವಷ್ಟು ಔಷಧ ಬಂತು, ಮೇಲೆ ಇನ್ನೊಬ್ಬರಿಗೆ ಆಗುವಷ್ಟು ಉಳಿಯಿತು. ಪಾಳಿ ರದ್ದಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ನೀಲವ್ವ ಒಂದೇ ಬೆಳಿಗ್ಗೆ ಇಪ್ಪತ್ತೆರಡು ರೊಟ್ಟಿ ಬಡಿದಳು. ಆ ಸದ್ದಿಗೆ ಪಕ್ಕದ ಓಣಿಯವರು ಹಲಗೆ ಬಾರಿಸುತ್ತಿದ್ದಾರೆಂದು ಓಡಿ ಬಂದರು. ಮಲ್ಲನಗೌಡ ಮಾಸ್ತರು ಊರುಗೋಲು ಮನೆಯಲ್ಲಿ ಬಿಟ್ಟು ಶಾಲೆಗೆ ನಡೆದು ಹೋದರು. ಹುಸೇನಬಿ ಮೇಲಿನ ಗೂಡಿನಿಂದ ಬಳೆಯ ಡಬ್ಬಿ ತಾನೇ ಇಳಿಸಿದಳು. ಹುದುಗುಮನೆ ನಡೆಸುವ ಸಂಘದವರು ನನಗೆ ಸನ್ಮಾನ ಮಾಡಿದರು. ಹಾಕಿದ ಸೇವಂತಿಗೆಯ ಹಾರ ಒಂದು ಮಣ ತೂಗುತ್ತಿತ್ತು. ಹುದುಗುಮನೆಯ ಬಾಗಿಲಿಗೆ ನನ್ನ ಚಿತ್ರವಿರುವ ಫಲಕ ತೂಗಿಹಾಕಿದರು. ಅದರ ಕೆಳಗೆ 'ಕೈಗುಣದ ಶಿವಪುತ್ರಪ್ಪ' ಎಂದು ಬರೆಸಿದ್ದರು.

ಜಿಲ್ಲೆಯ ಎಂಟು ಹುದುಗುಮನೆಗಳಿಗೂ ಅದೇ ತಳಿ ಹೋಗಿತ್ತು. ಅದೇ ಕುಪ್ಪಿ, ಅದೇ ಬೆಲ್ಲದ ನೀರು. ಆದರೆ ಎರಡನೇ ಟ್ಯಾಂಕಿನಲ್ಲಿ ನಮ್ಮದು ಅವರಿಗಿಂತ ಹೆಚ್ಚು, ಮೂರನೆಯದರಲ್ಲಿ ಇನ್ನೂ ಹೆಚ್ಚು. ಆರನೆಯದರ ಹೊತ್ತಿಗೆ ಉಳಿದ ಏಳೂ ಸೇರಿದರೂ ನಮ್ಮ ಪಾದಕ್ಕೆ ಬರಲಿಲ್ಲ. ಬೇರೆ ಊರಿನ ಟ್ಯಾಂಕಿನವರು ಬಸ್ಸು ಹತ್ತಿ ನನ್ನ ಕೈ ನೋಡಲು ಬಂದರು. ಏನು ಮಾಡುತ್ತೀರಿ ಎಂದು ಕೇಳಿದರೆ ಅಂಗೈ ಬಿಚ್ಚಿ ತೋರಿಸುತ್ತಿದ್ದೆ. ಟ್ಯಾಂಕಿನ ಕೋಣೆಯ ಫ್ರಿಜ್ಜಿನಲ್ಲಿ ನನ್ನದೊಂದು ಸ್ಟೀಲಿನ ಚೆಂಬು ಇರುತ್ತಿತ್ತು, ಮುಚ್ಚಳ ಬಿಗಿದು ಮೂರು ಬೆರಳಿನ ವಿಭೂತಿ ಎಳೆದದ್ದು. ಪೂಜೆಯ ನೀರು ಎಂದು ಹೇಳಿದ್ದರಿಂದ ಯಾರೂ ಮುಟ್ಟುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಸದ್ದು ತಗ್ಗುತ್ತಿತ್ತು.

ಮೊದಲು ನನಗೆ ಕೇಳಿಸಿತು, ಆಮೇಲೆ ಕೇಳಿಸದಂತೆ ಮಾಡಿಕೊಂಡೆ. ಅಂಗಳದ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಹಲ್ಲುಜ್ಜಿದೆ. ಒಂದು ದಿನ ನೀಲವ್ವ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಬಡಿದ ರೊಟ್ಟಿ ಹಲಗೆಯ ಮೇಲೆ ಒಣಗುತ್ತಿತ್ತು.

"ಯಾಕ, ಏನಾತು?"

"ಕೈ ಏಳವಲ್ವು."

"ಹಿಟ್ಟು ಹಳೇದಾಗೇತಿ. ಜಿಗಿ ಇಲ್ಲ. ಅಂಥ ಹಿಟ್ಟು ಬಡಿಯಾಕ ಪೈಲ್ವಾನ ಬೇಕು."

"ಮೊನ್ನೆ ಬೀಸಿಸಿಕೊಂಡ ಬಂದದ್ದು ನೀವ."

"ಹಂಗಾರ ಜೋಳ ಹಳೇದಿರಬೇಕು."

ಅವಳು ನನ್ನ ಮುಖ ನೋಡಿದಳು. ಅರ್ಧ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ನಾದಲು ಹೋದಳು, ಬೆರಳು ಹಿಟ್ಟಿನಲ್ಲಿ ಇಳಿಯಲಿಲ್ಲ. ನಾನು ಕೆಲಸಕ್ಕೆ ತಡವಾಯಿತೆಂದು ಹೊರಟೆ. ಆ ವಾರ ಎಂಟನೆಯ ಟ್ಯಾಂಕು ಇಳಿಯುವುದಿತ್ತು.

ಮಲ್ಲನಗೌಡ ಮಾಸ್ತರು ಮತ್ತೆ ಊರುಗೋಲು ಹಿಡಿದರು. ಆಮೇಲೆ ಊರುಗೋಲೂ ಸಾಲದಾಯಿತು. ಒಂದು ಬೆಳಿಗ್ಗೆ ಉಸಿರು ಸಿಕ್ಕಿಕೊಂಡು ಅವರನ್ನು ಜಿಲ್ಲೆಯ ದವಾಖಾನೆಗೆ ಒಯ್ದರು, ಮುಖಕ್ಕೆ ಉಸಿರಿನ ಯಂತ್ರ ಕಟ್ಟಿದರು. ಹುಸೇನಬಿ ಅಂಗಡಿ ಮುಚ್ಚಿದಳು. ಬೇರೆ ಏಳು ತಾಲ್ಲೂಕುಗಳ ರೋಗಿಗಳು ಚೆನ್ನಾಗಿದ್ದರು. ನಮ್ಮ ಮೂವರು ಮಾತ್ರ, ಎಲ್ಲರಿಗಿಂತ ಹೆಚ್ಚು ಔಷಧ ಇಳಿಸುವ ಊರಿನವರು, ಕುಸಿಯುತ್ತಿದ್ದರು.

ನದಾಫ್ ಮೇಡಂ ನೀಲವ್ವನ ರಕ್ತ ತೆಗೆದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ಭಾನುವಾರ ಮಧ್ಯಾಹ್ನ ಮನೆಗೇ ಬಂದರು. ನೀಲವ್ವ ಎದ್ದು ಕೂರಲು ನೋಡಿದಳು. ಮೇಡಂ ಬೇಡ ಎಂದು ಅವಳ ಮಂಚದ ಅಂಚಿಗೇ ಕೂತರು.

"ಅಕ್ಕಾರ, ಔಷಧ ಮೈಯಾಗ ಹೋದ ಹತ್ತು ನಿಮಿಷಕ್ಕ ಮಾಯ ಆಗಾಕತ್ತೇತಿ. ನಿಮ್ಮ ರಕ್ತಾನ ಅದಕ್ಕ ವೈರಿ ಆಗೇತಿ. ಉದ್ದನ ಸಕ್ಕರಿ ಇದ್ರನ ಹಿಂಗ ಆಗೂದು. ಆದ್ರ ಭಂಡಾರದಾಗಿನ ಕುಪ್ಪಿ ತಪಾಸಣಿ ಮಾಡೀನಿ, ಕುಪ್ಪಿಯಾಗಿನ ತಳಿ ಛಲೋ ಐತಿ. ಇಲ್ಲಿ ಇಳಿಸಿದ ಪ್ರತಿ ಟ್ಯಾಂಕಿನ ಸಕ್ಕರಿ ಪರೀಕ್ಷಾದ ಚಿತ್ರ ನೋಡೀನಿ, ಎಂಟೂ ಸ್ವಚ್ಛ ಅದಾವು. ಎಲ್ಲಿ ಕೆಟ್ಟತಿ ಅನ್ನೂದ ತಿಳಿವಲ್ದು."

ಆ ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ. ಪ್ರತಿ ಟ್ಯಾಂಕು ಇಳಿಸುವಾಗ ಒಂದು ಚಮಚದಷ್ಟು ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಾಕಬೇಕು. ಸಕ್ಕರೆ ಚಿಕ್ಕದಿದ್ದರೆ ಚಿತ್ರದಲ್ಲಿ ಪೆನ್ನಿನಿಂದ ಎಳೆದಂಥ ಒಂದು ಗೆರೆ. ಉದ್ದವಿದ್ದರೆ ಗೆರೆಯಲ್ಲ, ಒದ್ದೆ ಬೆರಳಿನಿಂದ ಒರೆಸಿದಂತೆ ಮೇಲಕ್ಕೆ ಹರಡಿದ ಮಸಿ. ಸ್ಯಾಂಪಲ್ ತೆಗೆಯುವವನು ನಾನೇ.

"ಏನರ ಹವಾ ಬದಲಾಗಿರಬೇಕ್ರಿ," ಎಂದೆ. "ಯೀಸ್ಟಿಗೂ ದೃಷ್ಟಿ ತಾಗತೈತಿ. ಬ್ಯಾರೆ ಊರಾವರು ಬಂದು ನನ್ನ ಟ್ಯಾಂಕ ನೋಡಿ ನೋಡಿ..."

ನೀಲವ್ವ ನನ್ನ ಮಾತು ಮುಗಿಯಲು ಬಿಡಲಿಲ್ಲ. ಉಸಿರು ಕೂಡಿಸಿಕೊಂಡು ಮೇಡಮ್ಮಿಗೆ ಹೇಳಿದಳು: "ನಮ್ಮನ್ಯಾಗ ಮೊಸರು ಹಿಂಗ ಆಗತೈತಿ ನೋಡವಾ. ಒಂದ ಹೆಪ್ಪು ಬಾಳ ದಿನ ಹಾಕ್ಕೊಂತ ಹೋದ್ರ, ಮೊದಲ ಗಟ್ಟಿಯಾಗಿ ಛಂದ ಕೂಡತೈತಿ. ಆಮ್ಯಾಲೆ ಚಮಚಾ ಎತ್ತಿದ್ರ ದಾರದ ಹಂಗ ಲೋಳಿ ಏಳತೈತಿ. ಆವಾಗ ಎಲ್ಲಾ ಚೆಲ್ಲಿ, ಬ್ಯಾರೆದವರ ಮನಿಯಿಂದ ಹೊಸಾ ಹೆಪ್ಪು ತರತೀನಿ. ಇವರು ಚೆಲ್ಲಾಕ ಬಿಡೂದಿಲ್ಲ. ಅವರವ್ವನ ಕೈಯಾಗಿನ ರೂಢಿ. ಛಲೋ ಕೂತ ಮೊಸರಿನ ಹೆಪ್ಪು ಯಾವತ್ತೂ ಚೆಲ್ಲಬಾರದಂತ."

ಮೇಡಂ ನನ್ನ ಕಡೆ ತಿರುಗಿದರು. ಗಡಿಬಿಡಿ ಇಲ್ಲದೆ ಕೇಳಿದರು.

"ಗಾಣಿಗೇರ ಅವರ, ಫ್ರಿಜ್ಜಿನ್ಯಾಗಿನ ಚೆಂಬಿನ್ಯಾಗ ಏನೈತಿ?"

"ಪೂಜಾದ ನೀರು."

"ಒಂದ ತೊಟ್ಟು ಸೂಕ್ಷ್ಮದರ್ಶಕದಾಗ ಇಟ್ಟು ನೋಡ್ಲೇನು?"

ಮಂಚದ ಕಾಲು ನೋಡುತ್ತ ಹೇಳಿದೆ. ಮೊದಲ ಟ್ಯಾಂಕು ಅಷ್ಟು ಚೆನ್ನಾಗಿ ಕೂತಿತ್ತು. ಉಗಿಯಲ್ಲಿ ಬೇಯಿಸಿ ಕೊಲ್ಲಲು ಮನಸ್ಸು ಬರಲಿಲ್ಲ. ಒಂದು ಚೆಂಬು ಉಳಿಸಿದೆ. ಎರಡನೆಯ ಟ್ಯಾಂಕಿಗೆ ಕುಪ್ಪಿ ಹಾಕದೆ ಅದನ್ನೇ ಹಾಕಿದೆ. ಇಳುವರಿ ಹೆಚ್ಚಿತು. ಅದರಲ್ಲೊಂದು ಚೆಂಬು ಮೂರನೆಯದಕ್ಕೆ. ಹೀಗೇ ಎಂಟು. ಬಂದ ಕುಪ್ಪಿಗಳನ್ನೆಲ್ಲ ಉಗಿಗೆ ಹಾಕಿದೆ.

"ಕತ್ರಿ ಒಗದಂಥವು ಬೆಳಕೊಂತ ಹೋಗ್ಯಾವು," ಎಂದರು ಮೇಡಂ, ತಮಗೇ ಹೇಳಿಕೊಂಡಂತೆ. "ಅದಕ್ಕ ಇಳುವರಿ ಏರೇತಿ. ನಾವೆಲ್ಲಾ ಚಪ್ಪಾಳಿ ಹೊಡದೀವಿ." ಆಮೇಲೆ ನನ್ನನ್ನು ಕೇಳಿದರು: "ಮತ್ತ ಚಿತ್ರ? ಚಿತ್ರದಾಗ ಯಾಕ ಕಂಡಿಲ್ಲ?"

"ಯಂತ್ರ ಕೆಟ್ಟಿರಬೇಕ್ರಿ ಮೇಡಮ್ಮಾರ. ನನಗೇನ ಗೊತ್ತು. ನಾನು ಕಲಿತಾವಲ್ಲ. ತಿಳೀಲಾರದ ಮಾಡೀನಿ."

ಮೇಡಂ ಅದನ್ನು ನಂಬಿದರೋ ಬಿಟ್ಟರೋ, ಎದ್ದರು. ಇವತ್ತೇ ಟ್ಯಾಂಕು ಖಾಲಿ ಮಾಡಿಸುತ್ತೇನೆ, ಚೆಂಬು ಜಿಲ್ಲೆಗೆ ಒಯ್ಯುತ್ತೇನೆ ಎಂದರು. ನೀಲವ್ವನ ಕೈ ಹಿಡಿದು, ಸರಿಯಾದ ಔಷಧವನ್ನೂ ಈಗ ಮೈ ಒಪ್ಪಲಿಕ್ಕಿಲ್ಲ, ಹನಿ ಹನಿಯಾಗಿ ಕೊಟ್ಟು ರೂಢಿ ಮಾಡಿಸಬೇಕು, ಆರು ತಿಂಗಳೋ ವರ್ಷವೋ ಹೇಳಲಾಗದು ಎಂದರು. ಒಪ್ಪದೆಯೂ ಇರಬಹುದು ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅವರ ಗಾಡಿಯ ಸದ್ದು ಓಣಿ ದಾಟಿತು.

ನೀಲವ್ವ ತೊಲೆ ನೋಡುತ್ತ ಮಲಗಿದ್ದಳು.

"ಯಂತ್ರ ಕೆಟ್ಟಿತ್ತೇನು?" ಎಂದಳು.

ನಾನು ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದೆ.

"ಇಪ್ಪತ್ತು ವರ್ಷ ಸಂಸಾರ ಮಾಡೀನಿ. ನೀವು ಇಲ್ಲದ್ದು ಹೇಳೂ ಮುಂದ ಮಾತು ದೊಡ್ಡದಿರತೈತಿ. ಒಂದು ಮಣ ಹಾರ, ಕೋಟಿ ಕೋಟಿ ಯೀಸ್ಟು. ಇವತ್ತು ಸಣ್ಣದ ಮಾತಾಡಿದ್ರಿ. ನನಗೇನ ಗೊತ್ತು ಅಂದ್ರಿ. ನಿಮ್ಮ ಬಾಯಾಗ ಆ ಮಾತು ನಾನು ಕೇಳೇ ಇಲ್ಲ." ಉಸಿರು ತೆಗೆದುಕೊಂಡಳು. "ಎಷ್ಟನೇ ಟ್ಯಾಂಕಿಗೆ ಗೊತ್ತಾತು?"

"ನಾಕನೇದಕ್ಕ."

ನಾಲ್ಕನೆಯ ಟ್ಯಾಂಕಿನ ಚಿತ್ರದಲ್ಲಿ ಗೆರೆ ಒಡೆದಿತ್ತು. ಮಸಿ ಮೇಲಕ್ಕೆ ಹರಡಿತ್ತು. ಅದರ ಅರ್ಥ ನನಗೆ ಗೊತ್ತಿತ್ತು, ಮೇಡಂ ಚಹಾ ಕುಡಿಯುತ್ತ ಮೂರು ಸಲ ವಿವರಿಸಿದ್ದರು. ಮೊದಲ ಟ್ಯಾಂಕಿನ ಸ್ಯಾಂಪಲ್ ಒಂದು ಸೀಸೆ ಉಳಿದಿತ್ತು. ನಾಲ್ಕನೆಯದರ ಚಿತ್ರ ಅಳಿಸಿ, ಹಳೆಯ ಸ್ಯಾಂಪಲ್ ಹಾಕಿ ಹೊಸ ಚಿತ್ರ ತೆಗೆದು ಕಳಿಸಿದೆ. ಐದನೆಯದಕ್ಕೂ ಅದೇ, ಆರನೆಯದಕ್ಕೂ ಅದೇ. ಎಂಟನೆಯದರ ಹೊತ್ತಿಗೆ ಆ ಸೀಸೆಯಲ್ಲಿ ಒಂದೆರಡು ಹನಿ ಉಳಿದಿದ್ದವು.

"ನಾಕನೇದು ಇಳಿಸಿದ ವಾರ ನಾನು ಏಳು ರೊಟ್ಟಿ ಬಡದಿದ್ದೆ," ಎಂದಳು ನೀಲವ್ವ. "ಹನ್ನೊಂದು ಬಡಿಯಾಕಿ ಏಳಕ್ಕ ಬಂದಿದ್ದೆ. ನೀವು ಅವ ರೊಟ್ಟಿ ತಿಂದು, ಆವಾಗೂ ಹಿಟ್ಟು ಹಳೇದಾಗೇತಿ ಅಂದ್ರಿ."

"ನಿನಗ ಪಾಳಿ ತಪ್ಪಬಾರದು ಅಂತ..." ಎಂದು ಶುರು ಮಾಡಿದೆ.

"ಅದನ್ನ ಹೇಳಬ್ಯಾಡ್ರಿ." ದನಿ ಏರಿಸಲಿಲ್ಲ. "ಹೊಸಾ ಕುಪ್ಪಿ ಹಾಕಿದ್ರೂ ಮೂರೂ ಮಂದಿಗೆ ಸಾಲತಿತ್ತು. ನೀವ ಹೇಳೀರಿ. ಉಳೀತು ಅಂದಿದ್ರಿ."

ಅವಳು ಹೇಳಿದ್ದು ಸರಿಯಿತ್ತು. ಹೊಸ ಕುಪ್ಪಿಯಿಂದ ಬರುತ್ತಿದ್ದುದೇ ಮೂವರಿಗೆ ಸಾಕಾಗಿ ಉಳಿಯುತ್ತಿತ್ತು. ನನಗೆ ಸಾಲದೆ ಹೋದದ್ದು ಬೇರೆ. ಉಳಿದ ಏಳು ಹುದುಗುಮನೆಗಳ ಹಾಗೆಯೇ ನಮ್ಮದೂ ಆದರೆ ಬಾಗಿಲ ಮೇಲಿನ ಫಲಕಕ್ಕೆ ಅರ್ಥವಿರುತ್ತಿರಲಿಲ್ಲ.

"ಫೋನ್ ಹಚ್ಚರಿ ಮೇಡಮ್ಮಿಗೆ," ಎಂದಳು. "ಆಕಿ ಯಂತ್ರ ಬಿಚ್ಚಿ ನೋಡಕೊಂತ ಕುಂಡರತಾಳ ಪಾಪ. ಆಮ್ಯಾಲೆ ಹುಸೇನಬಿ ಮನಿಗೆ ಹೋಗ್ರಿ. ಮಾಸ್ತರ ಹತ್ರನೂ ಹೋಗ್ರಿ. ಒಂದು ಮಾತು ಹೆಚ್ಚು ಕೂಡಿಸಬ್ಯಾಡ್ರಿ. ಬಡಾಯಿ ಬ್ಯಾಡ, ಅಳೂದೂ ಬ್ಯಾಡ. ಹೆಂಗಾತೋ ಹಂಗ ಹೇಳ್ರಿ."

ಫೋನ್ ಮಾಡಿದೆ. ಮೇಡಂ ಪೂರ್ತಿ ಕೇಳಿದರು. ಕೊನೆಗೆ, "ಆ ಸೀಸಾ ಒಗೀಬ್ಯಾಡ್ರಿ, ನನಗ ಬೇಕು," ಎಂದಷ್ಟೇ ಹೇಳಿ ಇಟ್ಟರು. ಹುಸೇನಬಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು, ಕೂರು ಎನ್ನಲಿಲ್ಲ. ಮಾಸ್ತರ ಮುಖಕ್ಕೆ ಉಸಿರಿನ ಯಂತ್ರ ಕಟ್ಟಿತ್ತು, ಅವರು ಮಾತಾಡುವಂತಿರಲಿಲ್ಲ. ನಾನು ಅಭ್ಯಾಸಬಲದಿಂದ ನಲವತ್ತೆರಡು ಕೋಟಿ ಕೋಟಿಯಿಂದಲೇ ಶುರು ಮಾಡಿಬಿಟ್ಟೆ. ಅವರು ಹಾಸಿಗೆಯ ಮೇಲಿಂದ ಒಂದು ಬೆರಳು ಎತ್ತಿದರು. ಶಾಲೆಯಲ್ಲಿ ತಪ್ಪು ಉತ್ತರ ಹೇಳುವ ಹುಡುಗನಿಗೆ ಎತ್ತುತ್ತಿದ್ದ ಬೆರಳು ಅದು. ಮತ್ತೆ ಮೊದಲಿನಿಂದ ಹೇಳಿದೆ.

ನಿಮಗೂ ಮೊದಲಿನಿಂದ ಹೇಳಬೇಕು. ಟ್ಯಾಂಕಿನ ಯೀಸ್ಟನ್ನು ನಾನು ಮೂಸಿ ಎಣಿಸಿಲ್ಲ. ಯಂತ್ರ ತೋರಿಸಿದ ಸಂಖ್ಯೆಯನ್ನು ಓದಿ, ಆಮೇಲೆ ಮೂಗು ಹಚ್ಚಿದೆ. ಸಕ್ಕರೆಯ ಉಪಾಯ ನನ್ನದಲ್ಲ. ಮೇಡಂ ಕೈ ಮುಗಿದಿಲ್ಲ. ಹಾರ ಒಂದು ಮಣ ತೂಗಲಿಲ್ಲ, ಸೇವಂತಿಗೆಯ ನಡುವೆ ಪ್ಲಾಸ್ಟಿಕ್ಕಿನ ಹೂವೂ ಇದ್ದವು. ನೀಲವ್ವ ಬಡಿದದ್ದು ಇಪ್ಪತ್ತೆರಡು ರೊಟ್ಟಿಯಲ್ಲ, ಹನ್ನೊಂದು. ಹನ್ನೊಂದು ಸಾಲದೆಂದು ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ.

ಫಲಕ ಇಳಿಸಿದ್ದಾರೆ. ನನ್ನ ಮೇಲೆ ವಿಚಾರಣೆ ನಡೆದಿದೆ. ಬೆಳಿಗ್ಗೆ ಈಗ ನಲ್ಲಿ ಬಂದ್ ಮಾಡಿ, ಅಂಗಳದಲ್ಲಿ ನಿಂತು ಕೇಳುತ್ತೇನೆ. ಇವತ್ತು ಒಂದು ಬಡಿದಳು. ನಡುವೆ ತುಂಬ ಹೊತ್ತು ಸುಮ್ಮನಾದಳು. ಎರಡನೆಯದನ್ನು ಶುರು ಮಾಡಿ ನಿಲ್ಲಿಸಿದಳು.

ಒಂದೂವರೆ. ಇದಕ್ಕೆ ನಾನು ಏನೂ ಕೂಡಿಸಿಲ್ಲ.